ಪಯಣದ ಊಟ

ಹಸೈನಾರ್ ಕುವೈತಿಗೆ ಹೋಗಬೇಕೋ ಬೇಡವೋ ಎಂಬುದು ಸಣ್ಣ ವಿಷಯ. ಅವನೊಬ್ಬನೇ ಕುಳಿತು ತೀರ್ಮಾನಿಸಬಹುದಾದದ್ದು. ಆದರೆ ಅವನಿಗೆ ಪಯಣದ ಊಟವನ್ನು ಮೊತ್ತಮೊದಲು ಬಡಿಸಿದವರು ಯಾರು ಎಂಬುದು ಹಾಗಲ್ಲ. ಅದು ಪುಂಜಾಲಕಟ್ಟೆಯ ಮಾನಮರ್ಯಾದೆಯ ಪ್ರಶ್ನೆ. ಹಿಂದಿನ ವರ್ಷ ಚೀನಾದವರು ಗಡಿ ದಾಟಿದ ಸುದ್ದಿ ಬಂದಾಗಲೂ ಪೇಟೆಯಲ್ಲಿ ಇಷ್ಟು ಹೊತ್ತು ಮಾತು ನಡೆದಿರಲಿಲ್ಲ. ಚೀನಾದವರು ಇಲ್ಲಿ ಯಾರ ಮನೆಯಲ್ಲೂ ಉಂಡಿರಲಿಲ್ಲವಷ್ಟೆ.

"ಜುಮಾ ಮುಗಿಸಿ ಅವನು ನೇರ ಬಂದದ್ದು ನನ್ನ ಮನೆಗೆ," ಎಂದು ಒಣಮೀನಿನ ಅಂಗಡಿಯ ಹಾಜಬ್ಬ ಹಸೈನಾರ್‌ನ ದೀಪದಂಗಡಿಯ ಬೆಂಚಿಗೆ ಅಂಗೈ ಬಡಿದ. "ಮೊದಲ ತುತ್ತು ಇಳಿದದ್ದು ನನ್ನ ಜಗಲಿಯಲ್ಲಿ. ಬೇಕಾದರೆ ಅವನನ್ನೇ ಕೇಳಿ, ಇಲ್ಲೇ ಉಂಟಲ್ಲ ಜನ."

"ಶುಕ್ರವಾರ ನಿಮ್ಮಲ್ಲಿ ಉಂಡದ್ದು ಹಸಿವಿಗೆ," ಎಂದರು ಸಂಕಪ್ಪ ಶೆಟ್ಟರು, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ. "ಪಯಣಕ್ಕೆ ಅಂತ ಉಂಡದ್ದು ನಮ್ಮಲ್ಲಿ. ಹುಂಜ ಕೊಯ್ಯಲಿಕ್ಕೆ ಮಸೀದಿಯಿಂದ ಮುಕ್ರಿಯನ್ನು ಕರೆಸಿದ್ದೇನೆ ಮಾರಾಯ. ನನಗೆ ಸಾಕ್ಷಿ ಉಂಟು."

ಹಸೈನಾರ್ ಕೇಳಿಸದವನಂತೆ ಗ್ಯಾಸ್‌ಲೈಟಿಗೆ ಪಂಪು ಹೊಡೆಯುತ್ತಿದ್ದ. ಮದುವೆಗೆ, ಯಕ್ಷಗಾನದ ಆಟಕ್ಕೆ, ಭೂತದ ನೇಮಕ್ಕೆ ಚಿಮಿಣಿ ಎಣ್ಣೆಯ ಗ್ಯಾಸ್‌ಲೈಟುಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ದೀಪದ ಮೂತಿಯ ತೂತು ಕಟ್ಟಿಕೊಂಡಾಗ ಚುಚ್ಚಿ ಬಿಡಿಸುವ ಸೂಜಿಯಂಥ ಪಿನ್ನೊಂದು ಅವನ ಅಂಗಿಯ ಕಿಸೆಯ ಅಂಚಿನಲ್ಲಿ ಯಾವಾಗಲೂ ಸಿಕ್ಕಿಸಿಕೊಂಡಿರುತ್ತಿತ್ತು. ಬೆಳ್ತಂಗಡಿ ದಾರಿಯ ಉದ್ದಕ್ಕೂ ಅವನ ದೀಪದಡಿ ತಾಳಿ ಕಟ್ಟಿಸಿಕೊಂಡ ಹೆಂಗಸರು ಎಷ್ಟೋ ಮಂದಿ. ಈಗ ಶೆಟ್ಟರ ತಂಗಿಯ ಮಗಳು ಕಾಂತಿಯ ಮದುವೆ ಬಂದಿತ್ತು. ಶೆಟ್ಟರು ಬಂದದ್ದು ದೀಪಕ್ಕೆ ಹೇಳಲಿಕ್ಕೆ. ಕುಳಿತದ್ದು ನ್ಯಾಯ ತೀರ್ಮಾನಕ್ಕೆ.

ಊರಿನ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ದೂರದೇಶಕ್ಕೆ ಹೊರಟವನು ಮನೆಮನೆಗೆ ಹೋಗಿ ಪಯಣ ಹೇಳಬೇಕು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನಬೇಕು. ಮನೆಯವರು ಅವನ ಹೊಟ್ಟೆಗೆ ಏನಾದರೂ ಹಾಕಬೇಕು. ಉಂಡ ಮೇಲೆ ಅವನು ಹೋಗಬೇಕು. ಉಂಡೂ ಹೋಗದವನು ಪುಂಜಾಲಕಟ್ಟೆಯಲ್ಲಿ ಅಲ್ಲಿಯವರೆಗೆ ಯಾರೂ ಆಗಿಹೋಗಿರಲಿಲ್ಲ.

ಹಸೈನಾರ್ ಆ ಶುಕ್ರವಾರ ಹಾಜಬ್ಬನ ಮನೆಗೆ ಹೋದದ್ದು ಪಯಣ ಹೇಳಲಿಕ್ಕಲ್ಲ, ಬುದ್ಧಿ ಕೇಳಲಿಕ್ಕೆ. ಅವನ ಹೆಂಡತಿಯ ತಮ್ಮ ಮಹಮ್ಮದ್ ಕುಂಞಿ ಕುವೈತಿನಿಂದ ಹೇಳಿ ಕಳಿಸಿದ್ದ: ಒಬ್ಬ ಅರಬಿಯ ಗೋದಾಮಿನಲ್ಲಿ ಕೆಲಸ ಉಂಟು, ಭಾವ ಬೊಂಬಾಯಿಗೆ ಬಂದು ಕಾಗದಪತ್ರ ಮಾಡಿಸಿ ಹಡಗು ಹತ್ತಿದರಾಯಿತು. ಅಂದಿನಿಂದ ಹಸೈನಾರ್‌ಗೆ ನೆಮ್ಮದಿಯಿಲ್ಲ. ದೀಪಕ್ಕೆ ಪಂಪು ಹೊಡೆಯುವಾಗ ಹೋಗುವುದೇ ಸರಿ ಎನಿಸುತ್ತಿತ್ತು. ಕರೆಂಟಿನ ಕಂಬಗಳು ಬಂಟ್ವಾಳಕ್ಕೆ ಬಂದಾಗಿದೆ. ಇಲ್ಲಿಗೂ ಬಂದ ಮೇಲೆ ಗ್ಯಾಸ್‌ಲೈಟು ಯಾರಿಗೆ ಬೇಕು? ದೀಪ ಆರಿಸಲು ಗಾಳಿ ಬಿಡುವಾಗ, ಆ ಉಸ್ಸೆಂಬ ಶಬ್ದದೊಡನೆ ಉತ್ಸಾಹವೂ ಇಳಿದುಹೋಗುತ್ತಿತ್ತು. ಮಳೆಯೇ ಇಲ್ಲದ ದೇಶವಂತೆ. ಮಳೆಯಿಲ್ಲದ ಊರಿನಲ್ಲಿ ಜನ ಯಾವುದನ್ನು ಬೈಯುತ್ತಾರೆ?

ಹಾಜಬ್ಬ ಹಿರಿಯ, ಮೂರು ಸಲ ಬೊಂಬಾಯಿ ಕಂಡವನು, ಅವನನ್ನು ಕೇಳುವ ಎಂದು ಹೊರಟದ್ದು. ಆದರೆ ಜುಮಾದ ದಿನ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಮುಂಡು, ತಲೆಗೆ ಟೊಪ್ಪಿ. ಬಾಗಿಲಲ್ಲಿ ಅವನನ್ನು ಕಂಡ ಹಾಜಬ್ಬನ ಹೆಂಡತಿ ರುಖಿಯಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು.

"ಬಂದೆಯಾ ಮೋನೇ? ಪಯಣ ಹೇಳ್ಲಿಕ್ಕೆ ಬಂದೆಯಾ? ಅಲ್ಲಾಹು ಒಳ್ಳೇದು ಮಾಡಲಿ. ಕೂತುಕೋ, ಪತ್ತಿರಿ ಆಗಿದೆ."

"ಅಲ್ಲ, ನಾನು ಸುಮ್ಮನೆ..."

"ಸುಮ್ಮನೆ ಎಂತ ಹೋಗುವುದು? ಉಂಡು ಹೋಗು."

ಅಳುತ್ತ ಬಡಿಸುವವರಿಗೆ ಬೇಡ ಎನ್ನುವ ಕ್ರಮ ಹಸೈನಾರ್‌ಗೆ ಯಾರೂ ಕಲಿಸಿರಲಿಲ್ಲ. ಅಕ್ಕಿಹಿಟ್ಟಿನ ಪತ್ತಿರಿ ಮೆತ್ತಗಿತ್ತು, ಕೋಳಿಸಾರಿಗೆ ತೆಂಗಿನಹಾಲು ಧಾರಾಳವಾಗಿತ್ತು. ಉಂಡ ಮೇಲೆ ಹೇಳುವ ಎಂದುಕೊಂಡ. ಉಂಡ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಸಂಜೆಯೊಳಗೆ ಸುದ್ದಿ ಪೇಟೆ ತುಂಬಿತು. ಆಮೇಲಿನದು ಸರಣಿ. ಶೆಟ್ಟರ ಮನೆಯಲ್ಲಿ ಕೋರಿರೊಟ್ಟಿ, ಮುಕ್ರಿಯ ಮನೆಯಲ್ಲಿ ತುಪ್ಪದನ್ನದ ನೈಚೋರು, ಮೀನು ತರುವ ಮೈಮೂನಮ್ಮನಲ್ಲಿ ಮಸಾಲೆ ಅರೆದು ಹಾಕಿದ ಬಂಗುಡೆ. ಪ್ರತಿ ಮನೆಗೂ ಅವನು 'ಇನ್ನೂ ಗಟ್ಟಿ ಮಾಡಿಲ್ಲ' ಎಂದು ಹೇಳುವ ನಿರ್ಧಾರದಿಂದಲೇ ಹೊರಡುತ್ತಿದ್ದ, ಬೆರಳು ಚೀಪುತ್ತ ಹಿಂದಿರುಗುತ್ತಿದ್ದ. ಇನ್ನೊಂದು ಸೌಟು ಬೀಳದಂತೆ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದು ಹಿಡಿದು ಅದು ಅಭ್ಯಾಸವೇ ಆಗಿಹೋಯಿತು. ಬೆರಳ ಸಂದಿನಲ್ಲಿ ಸುರಿಯುವುದೂ ಊರಿನವರಿಗೆ ಅಭ್ಯಾಸವಿತ್ತು.

ಊಟದೊಡನೆ ಬುದ್ಧಿಯನ್ನೂ ಬಡಿಸಿದರು. "ಹೋಗಬೇಕು ಮಾರಾಯ, ಗಂಡಸಾದವನು ನಾಲ್ಕು ದೇಶ ನೋಡಬೇಕು," ಎಂದ ಹಾಜಬ್ಬ. ಪಕ್ಕದ ದೀಪದಂಗಡಿ ಖಾಲಿಯಾದರೆ ಒಣಮೀನಿನ ಗೋಣಿ ಇಡಲು ಅನುಕೂಲ ಎಂಬುದನ್ನು ಅವನು ಹೇಳಲಿಲ್ಲ. "ಹೋಗು, ಆದರೆ ಮದುವೆ ಮುಗಿಸಿ ಹೋಗು," ಎಂದರು ಶೆಟ್ಟರು. "ನಿನ್ನ ದೀಪ ನಿನ್ನ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಉರಿಯುವುದಿಲ್ಲ. ಹೋದ ವರ್ಷ ಅಳದಂಗಡಿಯಲ್ಲಿ ಯಾರೋ ಮುಟ್ಟಿದ್ದಕ್ಕೆ ಮದುಮಗನ ಮೀಸೆ ಸುಟ್ಟಿತು, ಗೊತ್ತುಂಟಲ್ಲ?"

ಮನೆಯಲ್ಲಿ ಹೆಂಡತಿ ಸಫಿಯಮ್ಮ ಮಾತ್ರ ಬುದ್ಧಿ ಹೇಳಲಿಲ್ಲ. ಅವನ ಅಂಗಿಯ ಗುಂಡಿಗಳನ್ನು ಕಿತ್ತು ಒಂದೊಂದು ಬೆರಳಿನಷ್ಟು ಆಚೆಗೆ ಹೊಲಿಯುತ್ತ ಕುಳಿತಿದ್ದಳು.

"ನಿನಗೆ ಎಂತ ಕಾಣ್ತದೆ?" ಎಂದು ಕೊನೆಗೂ ಕೇಳಿದ.

"ನನಗೆ ಎಂತ ಕಾಣುವುದು? ಊರಿಗೆಲ್ಲ ಕಂಡಾಗಿದೆ. ನಿನ್ನೆ ನೀರಿಗೆ ಹೋದಾಗ ಶೆಟ್ರ ಹೆಂಡ್ತಿ ಕೇಳಿದ್ರು, ಇನ್ನು ಒಬ್ಬಳೇ ಹೇಗೆ ಇರ್ತಿ ಅಂತ. ನಾನು ಒಬ್ಬಳೇ ಇರ್ಲಿಕ್ಕುಂಟು ಅಂತ ನನಗೇ ಗೊತ್ತಿರ್ಲಿಲ್ಲ."

"ನಾನು ಹೋಗ್ತೇನೆ ಅಂತ ಯಾರಿಗೂ ಹೇಳ್ಲಿಲ್ಲ."

"ಉಂಡಿದ್ದೀರಲ್ಲ."

ಹಸೈನಾರ್ ಅವಳ ಎದುರಿಗೆ ಬಂದು ಕುಳಿತ. ಮತ್ತೆ ಕೇಳಿದ, "ಸರಿಯಾಗಿ ಹೇಳು. ಹೋದ್ರೆ ಎಂತ, ಹೋಗದಿದ್ರೆ ಎಂತ?"

ಸಫಿಯಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು. "ಹೋದ್ರೆ ಮಾಡಿಗೆ ಹೆಂಚು ಆಗ್ತದೆ. ನಮ್ಮ ಜುಲೈಕಾಳಿಗೆ ಬಂಗಾರ ಆಗ್ತದೆ. ತಮ್ಮ ಕಳಿಸಿದಂಥ ಸೆಂಟು ಇನ್ನೊಂದು ಕುಪ್ಪಿ ಬರ್ತದೆ, ಅದೇ ಇನ್ನೂ ಮುಗೀಲಿಲ್ಲ."

"ಹೋಗದಿದ್ರೆ?"

"ಹೋಗದಿದ್ರೆ ಮಾಡು ಸೋರ್ತದೆ," ಎಂದಳು. ಗುಂಡಿಯನ್ನು ಎಳೆದು ಪರೀಕ್ಷಿಸಿದಳು. "ಸೋರುವಾಗ ಪಾತ್ರೆ ಇಡ್ಲಿಕ್ಕೆ ಇನ್ನೊಂದು ಜನ ಇರ್ತದೆ."

ಇದರಿಂದ ತೀರ್ಮಾನ ಯಾವ ಕಡೆಗೆ ವಾಲಿತೆಂದು ಹಸೈನಾರ್‌ಗೆ ತಿಳಿಯಲಿಲ್ಲ. ಊಟಗಳೇನೋ ಒಂದೇ ಕಡೆಗೆ ವಾಲಿದ್ದವು. ಮರುವಾರ ಬೆಳಗಿನ ಬಸ್ಸಿಗೆ ಅವನು ಹೊರಟ.

ಕಳಿಸಿಕೊಡಲು ಪೇಟೆಯೇ ಬಂದಿತ್ತು. ರುಖಿಯಮ್ಮ ಇನ್ನೊಮ್ಮೆ ಅತ್ತು ದಾರಿಗೆಂದು ಪತ್ತಿರಿಯ ಕಟ್ಟು ಕೊಟ್ಟಳು. ಶೆಟ್ಟರು ಮದುವೆಯ ದೀಪದ ಸಂಕಟದಲ್ಲಿ ಅರ್ಧ ಮಾತಾಡಿ ಅರ್ಧ ನುಂಗಿದರು. ಪುಟ್ಟ ಮಗಳು ಜುಲೈಕಾ, ಬಾಪ ಬಂಟ್ವಾಳದಿಂದ ಮಿಠಾಯಿ ತರುತ್ತಾನೆಂದೇ ನಂಬಿ ನಗುತ್ತ ಕೈ ಬೀಸಿದಳು. ಕಂಡಕ್ಟರ್ ಭೋಜ ಮುಂದಿನ ಸೀಟಿನಲ್ಲಿದ್ದವನನ್ನು ಎಬ್ಬಿಸಿ, "ಬನ್ನಿ ಬ್ಯಾರಿಗಳೇ, ಕುವೈತಿಗೆ ಹೋಗುವವರು ಹಿಂದೆ ಕೂತುಕೊಳ್ಳುವುದಾ?" ಎಂದ. ಸಫಿಯಮ್ಮ ಬೇಲಿಯ ದಣಪೆಯ ಹತ್ತಿರ ನಿಂತು ಅವನ ಕಿಸೆಯ ಅಂಚನ್ನೇ ನೋಡುತ್ತಿದ್ದಳು.

ಬಂಟ್ವಾಳದಲ್ಲಿ ಮಂಗಳೂರು ಬಸ್ಸು ಹೊರಡಲು ಹೊತ್ತಿತ್ತು. ರುಖಿಯಮ್ಮನ ಕಟ್ಟನ್ನು ಅವನು ದಾರಿಯಲ್ಲೇ ಬಿಚ್ಚಿ ಭೋಜನೊಡನೆ ಹಂಚಿಕೊಂಡು ಮುಗಿಸಿಯಾಗಿತ್ತು. ಆದರೂ ಮಧ್ಯಾಹ್ನಕ್ಕೆ ಸರಿಯಾಗಿ ಹಸಿಯುವುದನ್ನು ಹೊಟ್ಟೆ ಇತ್ತೀಚೆಗೆ ಕಲಿತಿತ್ತು. ಪೇಟೆಯ ಹೋಟೆಲೊಂದಕ್ಕೆ ಹೊಕ್ಕ. ಮಾಣಿ ಬಟ್ಟಲು ತಂದಿಟ್ಟ: ಅನ್ನ, ಸಾರು, ಮೀನು ಒಂದು. ರುಚಿಗೇನೂ ಮೋಸವಿರಲಿಲ್ಲ. ಹಸೈನಾರ್ ಅರ್ಧ ಉಂಡು, ಎಡಗೈಯನ್ನು ಅಡ್ಡ ತಂದು ಬಟ್ಟಲಿನ ಮೇಲೆ ಹಿಡಿದ. 'ಸಾಕು, ಸಾಕು' ಎಂಬ ಮಾತೂ ನಾಲಿಗೆಯ ತುದಿಗೆ ಬಂದಿತ್ತು.

ಯಾರೂ ಬಡಿಸಲು ಬರಲಿಲ್ಲ.

ಅಂಗೈ ಸ್ವಲ್ಪ ಹೊತ್ತು ಹಾಗೆಯೇ ಬಟ್ಟಲಿನ ಮೇಲೆ ನಿಂತಿತ್ತು. ಎದುರಿಗೆ ಕುಳಿತಿದ್ದ ಅಪರಿಚಿತ ಅದನ್ನು ನೋಡಿ, ತನ್ನ ಮೀನಿನ ಮೇಲೆ ಕಣ್ಣಿಟ್ಟಿದ್ದಾನೋ ಎಂಬಂತೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ಮಾಣಿ ಬಂದು, "ಆಯ್ತಾ? ಆಗಿದ್ರೆ ಏಳಿ, ಜನ ಕಾಯ್ತಾ ಇದ್ದಾರೆ," ಎಂದ. ಬೇಸರದಿಂದಲ್ಲ, ಹೋಟೆಲಿನ ಕ್ರಮ ಅದು. ಕುವೈತಿಗೆ ಇನ್ನೂ ಸಮುದ್ರವೇ ಬಾಕಿಯಿತ್ತು, ಮಂಗಳೂರನ್ನೂ ಮುಟ್ಟಿರಲಿಲ್ಲ. ವಿದೇಶ ಮಾತ್ರ ಆಗಲೇ ಬಂದುಬಿಟ್ಟಿತ್ತು.

ಚಿಲ್ಲರೆಗೆಂದು ಕಿಸೆಗೆ ಕೈ ಹಾಕಿದಾಗ ಬೆರಳಿಗೆ ಪಿನ್ನು ಚುಚ್ಚಿತು. ಹಸೈನಾರ್ ಅದನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಅರಳಿತು. ಈ ಪಿನ್ನಿಲ್ಲದೆ ಕಾಂತಿಯ ಮದುವೆಯಲ್ಲಿ ಒಂದು ದೀಪವೂ ನೆಟ್ಟಗೆ ಉರಿಯಲಾರದು. ಶೆಟ್ಟರ ಮರ್ಯಾದೆಯ ಪ್ರಶ್ನೆ. ಊರಿನ ಪೇಟೆಯಲ್ಲಿ ಇಂಥ ಪಿನ್ನುಗಳು ಬೇಕಾದಷ್ಟು ಸಿಗುತ್ತವೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವುಗಳನ್ನು ತಂದು ಮಾರುತ್ತಿದ್ದದ್ದೂ ಅವನೇ.

ವಿದೇಶದಿಂದ ಬರುವವರು ಬರಿಗೈಯಲ್ಲಿ ಬರುವ ಕ್ರಮವಿಲ್ಲ. ಖರ್ಜೂರ ಕೊಂಡ, ಅರಬಿ ದೇಶದ್ದೇ ಎಂದು ಅಂಗಡಿಯವನಿಂದ ಆಣೆ ಹಾಕಿಸಿ. ಜುಲೈಕಾಳಿಗೆ ಮಿಠಾಯಿ ಕೊಂಡ. ಸಂಜೆಯ ಬಸ್ಸಿನಲ್ಲಿ ಅವನನ್ನು ಕಂಡ ಭೋಜ ಬಾಯಿ ತೆರೆದು ನಿಂತ. "ಎಂತ ಬ್ಯಾರಿಗಳೇ, ಹಡಗು ತಪ್ಪಿತಾ?" ಎಂದವನು ಟಿಕೇಟು ಹರಿಯಲು ಮರೆತ, ಹಸೈನಾರ್ ನೆನಪಿಸಿದ.

ಪುಂಜಾಲಕಟ್ಟೆಯಲ್ಲಿ ಇಳಿದಾಗ ಪೇಟೆಯ ತಲೆಗಳೆಲ್ಲ ಅವನತ್ತ ತಿರುಗಿದವು. ದೀಪದಂಗಡಿಯ ಒಳಗೆ ಆಗಲೇ ಒಣಮೀನಿನ ಎರಡು ಗೋಣಿಗಳು ಬಂದು ಕುಳಿತಿದ್ದವು. ಹಾಜಬ್ಬ ಅವನನ್ನೂ ಗೋಣಿಗಳನ್ನೂ ನೋಡಿ, "ಅಲ್ಲಿ ತೇವ ಹಿಡೀತದೆ ಅಂತ ಇಟ್ಟದ್ದು ಮಾರಾಯ, ಒಂದು ರಾತ್ರಿಗೆ," ಎಂದ.

"ಪಿನ್ನು ಕಿಸೆಯಲ್ಲೇ ಉಳೀತು, ಹಾಜಬ್ಬಾಕ," ಎಂದ ಹಸೈನಾರ್. "ಕೊಟ್ಟು ಹೋಗುವ ಅಂತ ಬಂದೆ."

ಯಾರೂ ನಗಲಿಲ್ಲ. ನಗಬೇಕೋ ಬೈಯಬೇಕೋ ಎಂದು ಊರು ಅಳೆಯುತ್ತಿತ್ತು. ಇಷ್ಟು ಮನೆಯ ಊಟ ಉಂಡವನು. ಹಸೈನಾರ್ ಖರ್ಜೂರದ ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದ. ಆಗ ಸಂಕಪ್ಪ ಶೆಟ್ಟರು ಬೆಂಚಿನಿಂದೆದ್ದು ಬಂದು, ಪೊಟ್ಟಣದಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡು, ಬೀಜ ಉಗುಳಿ, ಬಹಳ ಗಂಭೀರವಾಗಿ ಕೇಳಿದರು:

"ಹೇಗುಂಟು ಮಾರಾಯ, ವಿದೇಶ?"

"ಆಗಬಹುದು ಶೆಟ್ರೆ," ಎಂದ ಹಸೈನಾರ್. "ಆದರೆ ಊಟ ಒಂದೇ ಸಲ ಬಡಿಸುವುದು."

"ಛೆ," ಎಂದರು ಶೆಟ್ಟರು. "ಮತ್ತೆ ಜನ ಹೇಗೆ ಬದುಕುವುದು ಅಲ್ಲಿ?"

ಮೊದಲು ನಕ್ಕದ್ದು ಭೋಜ. ಆಮೇಲೆ ಬಸ್ಸಿನ ಒಳಗಿದ್ದವರು. ಹಾಜಬ್ಬ ನಗುತ್ತಲೇ ಒಂದು ಗೋಣಿಯ ಕಿವಿ ಹಿಡಿದು ಎಳೆಯತೊಡಗಿದ; ಇನ್ನೊಂದನ್ನು ಹಸೈನಾರ್ ಹಿಡಿದ.

ಮನೆಯಂಗಳದಲ್ಲಿ ಮಸೀದಿಯ ದೊಡ್ಡ ತಾಮ್ರದ ಪಾತ್ರೆ ಬೋರಲಾಗಿ ಬಿದ್ದಿತ್ತು, ಮದುವೆಗೂ ಉರೂಸಿಗೂ ನೈಚೋರು ಬೇಯಿಸುವಂಥದ್ದು. ಸಫಿಯಮ್ಮ ಹುಣಸೆಹುಳಿ ಹಚ್ಚಿ ಅದನ್ನು ತಿಕ್ಕುತ್ತಿದ್ದಳು. ಸಂಜೆ ಬಿಸಿಲು ಬಿದ್ದು ಅದರ ಅರ್ಧ ಆಗಲೇ ಹೊಳೆಯುತ್ತಿತ್ತು.

"ಇದು ಎಂತಕ್ಕೆ?" ಎಂದ ಹಸೈನಾರ್.

"ಊರೆಲ್ಲ ಉಂಡು ಹೋದವರು ಬಂದ ಮೇಲೆ ಊರಿಗೆ ಉಣ್ಣಿಸಬೇಕಲ್ಲ. ಮಧ್ಯಾಹ್ನವೇ ಮುಕ್ರಿಯವರಲ್ಲಿ ಹೇಳಿ ತರಿಸಿದೆ."

"ನಾನು ಬರ್ತೇನೆ ಅಂತ ನಿನಗೆ ಯಾರು ಹೇಳಿದ್ದು?"

"ಕುವೈತಿನ ಗೋದಾಮಿಗೆ ಯಾರಾದ್ರೂ ಗ್ಯಾಸ್‌ಲೈಟಿನ ಪಿನ್ನು ಸಿಕ್ಕಿಸಿಕೊಂಡು ಹೋಗ್ತಾರಾ?" ಎಂದಳು ಸಫಿಯಮ್ಮ, ತಲೆಯೆತ್ತದೆ. "ಆ ಕಡೆ ಹಿಡಿಯಿರಿ. ಹೊರಳಿಸುವ."

ಇಬ್ಬರೂ ಹಿಡಿದು ಪಾತ್ರೆಯನ್ನು ಹೊರಳಿಸಿದರು. ಜುಲೈಕಾ ಮಿಠಾಯಿ ಚೀಪುತ್ತ ಅದರೊಳಗೆ ಇಳಿದು ಕುಳಿತು ಕೂಗಿ, ತನ್ನ ದನಿ ಗುಂಯ್‌ಗುಟ್ಟುವುದನ್ನು ಕೇಳಿ ನಕ್ಕಳು.

ಶುಕ್ರವಾರ ಜುಮಾದ ನಂತರ ಅಂಗಳದಲ್ಲಿ ಊಟವಾಯಿತು. ಶೆಟ್ಟರಿಗೆ ಬಾಳೆಎಲೆ ಹಾಕಿದ್ದರು. ಹಸೈನಾರ್ ಸೌಟು ಹಿಡಿದು ಬಟ್ಟಲುಗಳ ಮೇಲೆ ಅಡ್ಡ ಬಂದ ಅಂಗೈಗಳ ಸಂದಿನಲ್ಲೇ ಸುರಿಯುತ್ತ ಹೋದ. ಮೊದಲ ಸೌಟು ಯಾರಿಗೆ ಬಿತ್ತು ಎಂಬುದರ ಬಗ್ಗೆ ಹಾಜಬ್ಬನಿಗೂ ಶೆಟ್ಟರಿಗೂ ಮತ್ತೆ ಮಾತು ಬೆಳೆಯಿತು. ಆ ವಾರವೇ ಕಾಂತಿಯ ಮದುವೆಯಲ್ಲಿ ದೀಪಗಳು ಉರಿದವು, ಯಾರ ಮೀಸೆಯೂ ಸುಡಲಿಲ್ಲ. ಪುಂಜಾಲಕಟ್ಟೆಗೆ ಕರೆಂಟು ಆಮೇಲೆ ಬಂತು. ಹಸೈನಾರ್ ಕುವೈತಿಗೆ ಹೋಗಲಿಲ್ಲ.