ಬಾಟಲಿ ಮೇಲಿನ ಮುಖ

ಕಾಲೇಜಿನ ಆಹಾರ ಮೇಳದಲ್ಲಿ ಗಂಗಾಲಕ್ಷ್ಮಿ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಗಳನ್ನು ಜೋಡಿಸುತ್ತಿದ್ದರೆ, ಮಗಳು ತ್ರಿವೇಣಿ ಅವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು.

"ಲೇ, ಏನ್ ಬಂತೇ ನಿಂಗೆ? ಮುಖ ತೋರ್ಸ್ದೆ ಇದ್ರೆ ಯಾರ್ ತಗೋತಾರೆ?"

"ಈ ಲೇಬಲ್ ಬೇಡಮ್ಮಾ."

"ನೀನೇ ಮಾಡಿದ್ದಲ್ವೇನೇ!"

ಅದೇ ಸಂಕಟ. ಊರಿಗೆ ಹೋಗುವ ಯಲ್ದೂರಿನ ಬಸ್ಸಿನಲ್ಲಿ ಕೂತು ಲೇಬಲ್ಲನ್ನು ಫೋನಿನಲ್ಲೇ ಮಾಡಿ ಮುಗಿಸಿದ್ದಳು. ನಗುವ ಅಡುಗೆಯವಳು ಎಂದು ಹುಡುಕಿದಾಗ ಪುಕ್ಕಟೆ ಸಿಕ್ಕಿದ್ದು ಹಳೇ ಅಮೆರಿಕದ ಚಿತ್ರ: ಇದ್ದಿಲಿನಂಥ ಮುಖ, ತಲೆಗೆ ಕಟ್ಟಿದ ಬಟ್ಟೆ, ಊದಿದ ಕೆಂಪು ತುಟಿ, ಕಿವಿಯವರೆಗೂ ಹಲ್ಲು. ಅಮ್ಮ ಹಿಗ್ಗಿದ್ದಳು. "ಟೊಮೆಟೊ ತೋಟಕ್ಕೆ ಕಟ್ಟೋ ದೃಷ್ಟಿಬೊಂಬೆ ಇದ್ದಂಗೈತೆ. ಯಾರ್ ಕಣ್ಣೂ ಬೀಳಲ್ಲ ಬಿಡು."

ಬೆಳಿಗ್ಗೆ ಬಾಟಲಿಯ ಫೋಟೊ ಸ್ಟೇಟಸ್ಸಿಗೆ ಹಾಕಿದ್ದೇ ತಡ, ಗೆಳತಿ ಪದ್ಮಶ್ರೀಯ ಮೆಸೇಜು ಬಂದಿತ್ತು: "ಲೇ ಹುಚ್ಚಿ, ಅಲ್ಲಿ ಕಪ್ಪು ಜನರನ್ನ ಆಡ್ಕೊಳ್ಳೋಕೆ ಬರೀತಿದ್ದ ಮುಖ ಕಣೇ ಅದು. ಮನೆಯಾಳು ಅಂತ ತೋರ್ಸಿ ಹಿಟ್ಟು, ಸೋಪು ಮಾರ್ತಿದ್ರಂತೆ. ಡೆನೀಸ್ ಮೇಡಂ ನೋಡಿದ್ರೆ?"

ಡೆನೀಸ್ ಮೇಡಂ ಈ ವರ್ಷ ಇಂಗ್ಲಿಷ್ ಕಲಿಸಲು ಅಮೆರಿಕದಿಂದ ಬಂದವರು. ಅಲ್ಲಿನ ಕಪ್ಪು ಜನಾಂಗದವರು. ತ್ರಿವೇಣಿಯ ತೆಲುಗು ರಾಗದ ಇಂಗ್ಲಿಷಿಗೆ ತರಗತಿಯೇ ನಕ್ಕಾಗ ನಗದೆ, ಪೂರ್ತಿ ಕೇಳಿಸಿಕೊಂಡಿದ್ದವರು ಅವರೊಬ್ಬರೇ. ಅವರ ಕಣ್ಣಲ್ಲಿ ಮಾತ್ರ ಸಣ್ಣವಳಾಗುವುದು ತ್ರಿವೇಣಿಗೆ ಬೇಡವಾಗಿತ್ತು.

ಬಂದೇಬಿಟ್ಟರು. ಅಮ್ಮ ಒಂದು ಬಾಟಲಿಯನ್ನು ಸೆರಗಲ್ಲಿ ಒರೆಸಿ ಅವರ ಕೈಗಿಟ್ಟಳು. ಮೇಡಂ ಮುಖದ ನಗು ಮೆಲ್ಲಗೆ ಇಳಿಯಿತು.

"ಯಾರಿದು, ತ್ರಿವೇಣಿ?" ಇಂಗ್ಲಿಷಿನಲ್ಲಿ ಕೇಳಿದರು.

"ಏನಂತೆ? ದೃಷ್ಟಿಬೊಂಬೆ ಅನ್ನೇ," ಅಂದಳು ಅಮ್ಮ.

ಅಷ್ಟು ಅಂದುಬಿಟ್ಟರೆ ಮುಗಿಯುತ್ತಿತ್ತು. ಮೇಡಂ ನಂಬುತ್ತಿದ್ದರು. ತ್ರಿವೇಣಿ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲೇ ಅಂದಳು:

"ನಾನೇ ನೆಟ್ಟಲ್ಲಿ ತೆಗೆದದ್ದು ಮೇಡಂ. ಏನು ಅಂತ ನೋಡಲಿಲ್ಲ. ಅಮ್ಮನಿಗೆ ಇನ್ನೂ ಗೊತ್ತಿಲ್ಲ."

ಮೇಡಂ ಬಾಟಲಿ ಕೆಳಗಿಟ್ಟರು. "ಇಂಥ ಡಬ್ಬ ಮನೆಗೆ ಬಂದರೆ ನಮ್ಮಜ್ಜಿ ಮೊದಲು ಮೇಲಿನ ಕಾಗದ ಕೀಳುತ್ತಿದ್ದಳು," ಅಂದರು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ, ತಿಳಿಯಲಿಲ್ಲ.

ಅಮ್ಮನಿಗೆ ಮಾತು ಅರ್ಥವಾಗಲಿಲ್ಲ. ಮೇಡಂ ಮುಖ ನೋಡಿದಳು, ಬಾಟಲಿಯ ಮುಖ ನೋಡಿದಳು. ಕೈ ತೊಳೆಯುವ ಬಕೆಟ್ಟನ್ನು ಕಾಲಲ್ಲೇ ಎಳೆದುಕೊಂಡು, "ಅದ್ದೇ ಎಲ್ಲಾನೂ," ಅಂದಳು.

ತ್ರಿವೇಣಿ ಬಕೆಟ್ಟಿನ ಪಕ್ಕ ಕೂತು ನೆನೆದ ಲೇಬಲ್ಲನ್ನು ಉಗುರಿನಿಂದ ಕೆರೆದಳು. ಕಣ್ಣು ಹೋಯಿತು, ತಲೆಯ ಬಟ್ಟೆ ಹೋಯಿತು. ಕೆಂಪು ತುಟಿ ಮಾತ್ರ ಗಾಜಿಗೆ ಕಚ್ಚಿಕೊಂಡು ನಗುತ್ತಲೇ ಇತ್ತು. ಮೇಜಿನಡಿಯಿಂದ, ಆಚೆ ನಿಂತ ಮೇಡಂ ಚಪ್ಪಲಿ ಇನ್ನೂ ಕಾಣುತ್ತಿತ್ತು. ತಲೆ ಎತ್ತುವ ಧೈರ್ಯ ಬಾರದೆ ಅವಳು ಕೆರೆಯುತ್ತಲೇ ಇದ್ದಳು.