ರೇಡಿಯೋ ಬಾಯಿ ತೆರೆದ ದಿನ

ಕತ್ತಿ ಗಂಟಲ ಮೇಲಿರುವಾಗ ಯಾರೂ ವಾದ ಮಾಡುವುದಿಲ್ಲ. ಈ ಸತ್ಯವನ್ನು ಈ ಕ್ಷೌರಿಕನಷ್ಟು ಚೆನ್ನಾಗಿ ಬಳಸಿಕೊಂಡವರು ಇನ್ನೊಬ್ಬರಿಲ್ಲ. ಗಿರಾಕಿಯ ತುಟಿಗೆ ನೊರೆ ಹತ್ತುವವರೆಗೆ ಅವನು ಸುಮ್ಮನಿರುತ್ತಿದ್ದ. ಹತ್ತಿದ್ದೇ ತಡ, ಪ್ರಶ್ನೆ ಶುರು. "ಮನೆ ಕಟ್ಟೋದು ಮುಗೀತಾ? ಎಲ್ಲಿ ಮುಗಿಯತ್ತೆ, ಕೆಲಸದವರು ಸಿಗ್ಬೇಕಲ್ಲ!" ಉತ್ತರವೂ ಅವನದೇ. ಗಿರಾಕಿ ಮೂಗಿನಲ್ಲಿ ಹೂಂ ಅಂದರೂ ಹೌದು, ಉಹೂಂ ಅಂದರೂ ಹೌದು. ಜನ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಬಾಯಿ ಇದೆ, ಕಿವಿ ಇಲ್ಲ.

ಅಂಗಡಿಯಲ್ಲಿ ಕುರ್ಚಿಗಳು ಎರಡು. ಒಂದು ರೇಡಿಯೋನದು, ಇನ್ನೊಂದು ಅವನ ಅಣ್ಣನದು. ಅಣ್ಣ ಎಡಚ, ಕತ್ತರಿ ಉಜ್ಜಿ ಉಜ್ಜಿ ಅವನ ಎಡಗೈಯ ಉಂಗುರದ ಬೆರಳಲ್ಲಿ ಕಡಲೆ ಗಾತ್ರದ ಜಡ್ಡು ಕಟ್ಟಿತ್ತು. ಮಾತು ಬಹಳ ಕಡಿಮೆ. ಅಣ್ಣನ ಪಾಲಿನ ಮಾತನ್ನೂ ತಮ್ಮನೇ ಕಸಿದುಕೊಂಡು ಹುಟ್ಟಿದ ಎಂದು ಗಿರಾಕಿಗಳು ನಗುತ್ತಿದ್ದರು. ಕಳೆದ ವರ್ಷ ಅಣ್ಣನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಇದ್ದ ಚೂರು ಮಾತೂ ಹೋಯಿತು. ರೇಡಿಯೋ ಆಗಾಗ ಅಣ್ಣನ ಮನೆಗೆ ಹೋಗಿ ಅವನ ಗಡ್ಡ ಕೆರೆದು, ಊರ ಸುದ್ದಿಯೆಲ್ಲ ಸುರಿದು ಬರುತ್ತಿದ್ದ. ಕೊನೆಯ ದಿನ ಅಣ್ಣನ ಎಡಗೈ ಹೊದಿಕೆಯಿಂದ ಮೇಲೆದ್ದಿತು. ಬೆರಳುಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು.

"ಫ್ಯಾನ್ ಜೋರಾಯ್ತಾ? ನೀರ್ ಬೇಕಾ? ನೊಣ ಕೂತಿದ್ಯಾ? ಆಯ್ತು ಆಯ್ತು, ಇನ್ನೇನ್ ಮುಗೀತು" ಎಂದು ರೇಡಿಯೋ ಆ ಕೈಯನ್ನು ಹೊದಿಕೆಯೊಳಗೆ ತುರುಕಿ ಗಡ್ಡ ಮುಗಿಸಿದ. ಅವನು ಮನೆಗೆ ಬಂದು ಕೈ ತೊಳೆಯುವಷ್ಟರಲ್ಲಿ ಅಣ್ಣ ಹೋದ ಸುದ್ದಿ ಬಂತು.

ಆ ಕೈ ಏನು ಕೇಳುತ್ತಿತ್ತು? ಅಂದಿನಿಂದ ಇದೊಂದೇ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಊರವರ ಪ್ರಶ್ನೆಗೆಲ್ಲ ಉತ್ತರ ಇದ್ದವನಿಗೆ ಇದಕ್ಕೆ ಉತ್ತರವಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅಣ್ಣನ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ, ಅದಕ್ಕೆ ಬೆನ್ನು ಹಾಕಿ ಇನ್ನಷ್ಟು ಜೋರಾಗಿ ಮಾತಾಡತೊಡಗಿದ.

ಹೀಗಿರುವಾಗ ಹಲ್ಲು ಕೈಕೊಟ್ಟಿತು. ಬಲಗಡೆ ಕೆಳಸಾಲಿನ ದವಡೆ ಹಲ್ಲು. ಲವಂಗ ಇಟ್ಟ, ಉಪ್ಪುನೀರು ಮುಕ್ಕಳಿಸಿದ, ಹಲ್ಲಿಗೆ ಬಾಯಿಗೆ ಬಂದಂತೆ ಬೈದ. ಇನ್ನೊಬ್ಬರ ಕುತ್ತಿಗೆಗೆ ದಿನಾ ಕತ್ತಿ ಹಿಡಿಯುವ ಈ ಶೂರ ಸೂಜಿಯ ಮಾತೆತ್ತಿದರೆ ಹಿತ್ತಲಿಗೆ ಓಡುತ್ತಿದ್ದ. ಕೊನೆಗೆ ಹೆಂಡತಿ, "ನೋಡಿ, ಈ ಮನೇಲಿ ಒಂದೋ ಆ ಹಲ್ಲಿರ್ಬೇಕು, ಇಲ್ಲ ನಾನಿರ್ಬೇಕು. ಯೋಚ್ನೆ ಮಾಡಿ ಹೇಳಿ" ಎಂದಳು. ಯೋಚನೆಗೆ ಅವನು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಿದ್ದರಿಂದ ಅವಳೇ ಚಪ್ಪಲಿ ಮೆಟ್ಟಿ ಅವನನ್ನು ಎಳೆದುಕೊಂಡು ಹೊರಟಳು.

ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಐದಾರು ಮಂದಿ ದೊಡ್ಡವರು ಕೆನ್ನೆ ಹಿಡಿದು, ಪೆಟ್ಟು ತಿಂದ ಮಕ್ಕಳ ಹಾಗೆ ಕೂತಿದ್ದರು. ಟಿವಿ ಓಡುತ್ತಿತ್ತು, ಆದರೆ ದನಿ ಇರಲಿಲ್ಲ. ಅದರಲ್ಲಿ ಒಬ್ಬ ಬಾಯಿ ತೆರೆದು ಮುಚ್ಚಿ ಏನೋ ಹೇಳುತ್ತಲೇ ಇದ್ದ, ಯಾರೂ ಕೇಳುತ್ತಿರಲಿಲ್ಲ. ರೇಡಿಯೋ ಮುಖ ತಿರುಗಿಸಿದ. ಒಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಆಗ ಇನ್ನೊಬ್ಬರನ್ನು ಕರೆಯುತ್ತಿದ್ದರು.

"ಅಲ್ವೇ, ಒಳಗೆ ಹೋದೋರು ಯಾರೂ ಹೊರಗೆ ಬರ್ತಾನೇ ಇಲ್ವಲ್ಲ?" ಎಂದು ಅವನು ಪಿಸುಗುಟ್ಟಿದ.

"ಆ ಕಡೆ ಇನ್ನೊಂದು ಬಾಗಿಲಿರ್ಬೇಕು. ಸುಮ್ನೆ ಕೂತ್ಕೊಳ್ಳಿ" ಎಂದಳು ಹೆಂಡತಿ.

ಒಳಗಿನ ಕುರ್ಚಿ ಕಂಡು ಅವನು ಬಾಗಿಲಲ್ಲೇ ನಿಂತ. ತಲೆ ಒರಗುವ ದಿಂಬು, ಕೊರಳಿಗೆ ಕಟ್ಟುವ ಬಟ್ಟೆ, ಪಕ್ಕದ ತಟ್ಟೆಯಲ್ಲಿ ಹರಿತವಾದ ಸಾಮಾನು. ಎಲ್ಲ ತನ್ನ ಅಂಗಡಿಯದೇ, ಕೂರುವವನು ಮಾತ್ರ ಅದಲುಬದಲು. ಹಿಂದಕ್ಕೆ ಬಾಗುವಾಗ ಕುರ್ಚಿ ಕಿರ್ರ್ ಎಂದಿತು. ಅಣ್ಣನ ಕುರ್ಚಿಗೂ ಇದೇ ಸದ್ದಿತ್ತು. ಎಷ್ಟು ಎಣ್ಣೆ ಬಿಟ್ಟರೂ ಹೋಗಿರಲಿಲ್ಲ.

ಡಾಕ್ಟರು ಮಾಸ್ಕ್ ಹಾಕಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು. ರೇಡಿಯೋನ ಬಾಯಿಗೆ ಹತ್ತಿ, ಕನ್ನಡಿ, ಎಂಜಲು ಎಳೆಯುವ ಕೊಳವೆ ಎಲ್ಲ ಸೇರುವವರೆಗೆ ಅವರು ತುಟಿಪಿಟಕ್ಕೆನ್ನಲಿಲ್ಲ. ಸೇರಿದ್ದೇ ತಡ, ಶುರು.

"ಏನ್ ಕೆಲ್ಸ ಮಾಡ್ತೀರಿ?"

"ಆ... ಉ..."

"ಓ, ಮೇಷ್ಟ್ರಾ? ನೋಡಿದ್ರೇ ಗೊತ್ತಾಗತ್ತೆ. ಮಕ್ಳಿಬ್ರಾ? ಇಬ್ರೇ ಇರ್ಬೇಕು. ಸಿಹಿ ಜಾಸ್ತಿ ತಿಂತೀರಿ, ಸುಳ್ಳು ಹೇಳ್ಬೇಡಿ."

ಮೇಷ್ಟ್ರಲ್ಲ, ಮಕ್ಕಳು ಮೂವರು, ಸಿಹಿ ಕಂಡರಾಗದು ಎಂದು ಅವನು ಗಂಟಲಿನಿಂದಲೇ ಕೂಗಿಕೊಂಡ. "ಹಾಂ, ಹೌದು ಹೌದು" ಎಂದರು ಡಾಕ್ಟರು. ಮಾಡಿದ್ದುಣ್ಣೋ ಮಹರಾಯ!

ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಬಲಗೆನ್ನೆ ಅವನದಲ್ಲದಂತಾಯಿತು. ಮೇಲಿನ ದೀಪದ ಗಾಜಿನಲ್ಲಿ ಒಂದು ಮುಖ ಕಂಡಿತು. ಬಾಯಿ ಒಂದು ಬದಿಗೆ ಜೋತಿತ್ತು, ತುಟಿಯ ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು. ಆ ಮುಖಕ್ಕೆ ಅವನು ಎಷ್ಟೋ ಸಲ ಕ್ಷೌರ ಮಾಡಿದ್ದ. ಅದು ಅಣ್ಣನ ಮುಖ.

ಡಾಕ್ಟರು ಇಕ್ಕಳ ಎತ್ತಿದರು. ಅಮ್ಮಾ ಎನ್ನಲೂ ಅವನಿಗೆ ಬಾಯಿರಲಿಲ್ಲ. ಆಗ ಹೊದಿಸಿದ ಬಟ್ಟೆಯ ಕೆಳಗಿನಿಂದ ಅವನ ಎಡಗೈ ಮೇಲೆದ್ದಿತು. ಅದನ್ನು ಅವನು ಎತ್ತಿರಲಿಲ್ಲ. ಬೆರಳುಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು.

"ಫ್ಯಾನ್ ಜೋರಾಯ್ತಾ?" ಎಂದರು ಡಾಕ್ಟರು.

ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ.

"ನೀರ್ ಬೇಕಾ? ನೊಣ ಕೂತಿದ್ಯಾ?"

ಕಿಟಕಿಗಳೆಲ್ಲ ಮುಚ್ಚಿದ್ದವು. ನೊಣ ಎಲ್ಲಿಂದ ಬರಬೇಕು? ಮುಂದಿನ ಮಾತು ಏನೆಂದು ರೇಡಿಯೋಗೆ ಗೊತ್ತಿತ್ತು. ಬರದಿರಲಿ ಎಂದು ಬೇಡಿಕೊಂಡ.

"ಆಯ್ತು ಆಯ್ತು, ಇನ್ನೇನ್ ಮುಗೀತು."

ಅವನ ಕಣ್ಣಿನಿಂದ ನೀರು ಕಿವಿಗೆ ಹರಿಯಿತು. ಇಷ್ಟು ದಿನ ಸಿಗದ ಉತ್ತರ ಈಗ ಅವನದೇ ಬೆರಳುಗಳಲ್ಲಿತ್ತು. ಅವಕ್ಕೆ ಗಾಳಿ ಬೇಕಿರಲಿಲ್ಲ, ನೀರು ಬೇಕಿರಲಿಲ್ಲ. ಭಯ ಆಗ್ತಿದೆ ಕಣೋ, ಒಂದು ಗಳಿಗೆ ಮಾತು ನಿಲ್ಲಿಸಿ ಕೈ ಹಿಡ್ಕೋ. ಅಣ್ಣ ಕೇಳಿದ್ದು ಇಷ್ಟೇ. ಅದನ್ನು ಕೊಡಲು ಅವನಿಗೆ ಪುರುಸೊತ್ತಿರಲಿಲ್ಲ.

ಹಲ್ಲು ತಲೆಯೊಳಗೆಲ್ಲ ಕಟಕಟ ಎನ್ನತೊಡಗಿತು. ಗಾಳಿಯಲ್ಲಿ ತಡಕಾಡುತ್ತಿದ್ದ ಅವನ ಕೈಯನ್ನು ಆಗ ಯಾರೋ ಹಿಡಿದುಕೊಂಡರು.

ಡಾಕ್ಟರ ಎರಡು ಕೈಯೂ ಅವನ ಬಾಯಿಯಲ್ಲಿದ್ದವು. ನರ್ಸ್ ಮೂಲೆಯ ನಲ್ಲಿಯ ಹತ್ತಿರ ಬೆನ್ನು ಮಾಡಿ ಏನೋ ತೊಳೆಯುತ್ತಿದ್ದಳು. ಇಬ್ಬರೂ ಗ್ಲೌಸ್ ಹಾಕಿದ್ದರು. ಅವನನ್ನು ಹಿಡಿದದ್ದು ಬರಿಗೈ. ಬೆಚ್ಚಗಿತ್ತು. ಎಡಗೈ. ಉಂಗುರದ ಬೆರಳಲ್ಲಿ ಕಡಲೆ ಗಾತ್ರದ ಜಡ್ಡು ಅವನ ಅಂಗೈಗೆ ಒತ್ತುತ್ತಿತ್ತು. ಕಣ್ಣು ಹೊರಳಿಸಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಬಿಡಿಸಿಕೊಳ್ಳುವ ಮನಸ್ಸೂ ಆಗಲಿಲ್ಲ.

ಹಲ್ಲು ಠಣ್ ಎಂದು ತಟ್ಟೆಗೆ ಬಿತ್ತು. ಕೈ ಬಿಟ್ಟುಹೋಯಿತು.

"ನೋಡಿ ಮೇಷ್ಟ್ರೇ, ಕೊನೇಲಿ ಎಷ್ಟು ಧೈರ್ಯವಾಗಿದ್ರಿ! ಹತ್ತಿ ಕಚ್ಕೊಂಡಿರಿ, ಒಂದ್ ಗಂಟೆ ಮಾತಾಡೋ ಹಾಗಿಲ್ಲ" ಎಂದರು ಡಾಕ್ಟರು. ಹೊರಗೆ ಬಂದಾಗ ನರ್ಸ್ ಬಾಯಿಂದ ಇದನ್ನು ಕೇಳಿದ ಹೆಂಡತಿ, ಇಂಥ ಡಾಕ್ಟರು ಮದುವೆಯಾದ ಹೊಸತರಲ್ಲೇ ಸಿಗಬಾರದಿತ್ತೇ ಎಂದು ನಕ್ಕಳು.

ಅವನು ನೇರ ಅಂಗಡಿಗೆ ಹೋದ. ಬಾಗಿಲಲ್ಲಿ ಮುದುಕ ಪೋಸ್ಟ್‌ಮ್ಯಾನ್ ಕಾಯುತ್ತಿದ್ದ. ನೊರೆ ಹಚ್ಚಿ ಕತ್ತಿ ಇಟ್ಟದ್ದೇ ಬಟ್ಟೆಯ ಕೆಳಗಿನಿಂದ ಮುದುಕನ ಕೈ ಮೇಲೆದ್ದಿತು. ರೇಡಿಯೋ ಕತ್ತಿ ತೆಗೆದ. ಟವೆಲ್‌ನಿಂದ ಮುದುಕನ ತುಟಿಯ ನೊರೆ ಒರೆಸಿ, ಅವನ ಕೈ ಹಿಡಿದುಕೊಂಡು ಮುಖ ನೋಡುತ್ತ ನಿಂತ. ಪೋಸ್ಟ್‌ಮ್ಯಾನ್ ಗಾಬರಿಯಾದ.

"ಏನಿಲ್ಲಪ್ಪ, ಮೂಗು ತುರಿಸ್ತಿತ್ತು. ಇಷ್ಟು ವರ್ಷದಲ್ಲಿ ಇವತ್ತೇ ನೀನು ಕೇಳಿಸ್ಕೊಳ್ತಿರೋದು" ಎಂದ.

ಮುದುಕ ಹೋದ ಮೇಲೆ ರೇಡಿಯೋ ಬಾಯಿಯ ಹತ್ತಿ ತೆಗೆದು ಎಸೆದ. ಅಣ್ಣನ ಕುರ್ಚಿಯ ಬಿಳಿ ಬಟ್ಟೆ ಸರಿಸಿದ. ಅದರ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತು, ಕುರ್ಚಿಯ ತೋಳಿನ ಮೇಲೆ ತನ್ನ ಅಂಗೈ ತೆರೆದಿಟ್ಟ.

"ಹೇಳಣ್ಣ" ಎಂದ.

ಉತ್ತರವನ್ನೂ ತಾನೇ ಹೇಳಿಬಿಡುವ ಚಪಲ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ರಸ್ತೆಯಲ್ಲಿ ಯಾರದೋ ಸೈಕಲ್ ಹೋಯಿತು, ಅದರ ಸದ್ದೂ ನಿಂತಿತು. ಅವನು ಕಾದ. ಖಾಲಿ ಕುರ್ಚಿ ಮೆಲ್ಲಗೆ ಕಿರ್ರ್ ಎಂದಿತು, ಯಾರೋ ಕೂತು ಹಿಂದಕ್ಕೆ ಒರಗಿದ ಹಾಗೆ. ಅವನು ಬಾಯಿ ತೆರೆಯಲಿಲ್ಲ.