ಹೆರಿಗೆಗೆ ಮುಂಚೆ ಒಂದು ತಾಲೀಮು

ಹೊಲಿಗೆ ಯಂತ್ರ ನಿಂತಿತ್ತು. ಸೂಜಿಯ ಕೆಳಗೆ ಅಂಗಿಯ ತೋಳೊಂದು ಅರ್ಧಕ್ಕೇ ಉಳಿದಿತ್ತು. ಸೊಸೆ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಅವಳಿಗೆ ಎಂಟು ತಿಂಗಳು ತುಂಬಿತ್ತು. ರಕ್ತದೊತ್ತಡದ ಮೇಲೆ ಕಣ್ಣಿಡಬೇಕೆಂದು ಡಾಕ್ಟರು ಹೇಳಿದ್ದರೂ ಹಿಂದಿನ ಸಲದ ತಪಾಸಣೆಗೆ ಅವಳು ಹೋಗಿರಲಿಲ್ಲ.

"ಬಾಗಿಲು ತೆಗಿಯೇ ತಾಯಿ," ಅತ್ತೆ ಬಾಗಿಲು ಬಡಿದರು. "ಲೋಕದಲ್ಲಿ ನೀನೊಬ್ಳೇನಾ ಹೆರೋದು?"

"ಆಸ್ಪತ್ರೆ ಅಂದ್ರೆ ಕೈಕಾಲು ತಣ್ಣಗಾಗುತ್ತೆ ಅತ್ತೆ. ನಾನು ಬರಲ್ಲ. ಮನೇಲೇ ಏನಾಗುತ್ತೋ ಆಗ್ಲಿ."

ಆ ಮಾತು ಕೇಳುತ್ತಲೇ ಆರೋಗ್ಯ ಕೇಂದ್ರದ ನರ್ಸ್ ಒಳಬಂದರು. ಹೆಗಲಿನ ದೊಡ್ಡ ಚೀಲದಿಂದಾಗಿ ಬೀದಿಯವರಿಗೆಲ್ಲ ಅವರು ಚೀಲದಕ್ಕ. ಬಹಳ ಹೊತ್ತು ಮಾತಾಡಿಸಿದ ಮೇಲೆ ಚಿಲಕ ಸರಿಯಿತು. ಚೀಲದಕ್ಕ ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿದರು.

"ಒತ್ತಡ ಸ್ವಲ್ಪ ಏರಿದೆ. ನಾಳೆ ಡಾಕ್ಟರ್ ನೋಡ್ಲೇಬೇಕು. ತಲೆನೋವು ಜೋರಾದ್ರೆ, ಕಣ್ಣು ಮಂಜಾದ್ರೆ ನಾಳೆವರೆಗೂ ಕಾಯಬೇಡಿ. ಏನಮ್ಮ, ಯಾವುದಕ್ಕೆ ಭಯ?"

ಸೊಸೆ ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದಳು. ಮಧ್ಯಾಹ್ನವೆಲ್ಲ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು. ಗುಂಡಿ ಹೊಲಿಯುತ್ತಾ ಅತ್ತೆ ತಮ್ಮ ಮೊದಲ ಹೆರಿಗೆಯ ಕಥೆ ಹೇಳುತ್ತಿದ್ದರು: ಆ ಕೂಗು, ಆ ರಕ್ತ, ಆ ಮಂಚ. ದಿನವೂ ಅದೇ.

"ಗಟ್ಟಿಯಾಗ್ಲಿ ಅಂತ ಹೇಳ್ದೆ ಕಣಮ್ಮ. ಹೆದರಿಸೋಕಲ್ಲ," ಎಂದರು ಅತ್ತೆ.

"ನಾಳೆ ನಮ್ಮಲ್ಲಿ ಗರ್ಭಿಣಿಯರ ಗುಂಪು ಸೇರುತ್ತೆ. ಹೆರಿಗೆಯ ನಾಟಕ ಆಡ್ತೀವಿ. ಅದನ್ನ ನಡೆಸೋಕೆ ನಾನು ತರಬೇತಿ ಪಡ್ಕೊಂಡಿದ್ದೀನಿ. ಇಬ್ರೂ ಬನ್ನಿ," ಎಂದರು ಚೀಲದಕ್ಕ.

"ನಾಟಕನಾ?" ಅತ್ತೆ ನಕ್ಕುಬಿಟ್ಟರು. "ಹೊಟ್ಟೆ ಹೊತ್ಕೊಂಡು ಮುಖಕ್ಕೆ ಬಣ್ಣ ಬಳ್ಕೋಬೇಕಾ? ನೋವೇನು ಚಪ್ಪಾಳೆ ತಟ್ಟಿದ್ರೆ ಓಡಿಹೋಗುತ್ತಾ?"

"ನೋವು ಓಡಿಹೋಗಲ್ಲಮ್ಮ. ನೀವು ರೇಷ್ಮೆ ಬಟ್ಟೆಗೆ ಕತ್ತರಿ ಇಡೋ ಮೊದಲು ಏನು ಮಾಡ್ತೀರಿ?"

"ಹಳೇ ಪೇಪರ್ ಮೇಲೆ ಕತ್ತರಿಸಿ ನೋಡ್ತೀವಿ."

"ಇದೂ ಹಂಗೇ."

ಮರುದಿನ ಆರೋಗ್ಯ ಕೇಂದ್ರದ ಕೋಣೆಯಲ್ಲಿ ಚಾಪೆಗಳು, ಒಂದು ಬೆಂಚು, ಐದಾರು ಗರ್ಭಿಣಿಯರು. ಸೊಸೆ ಬಾಗಿಲ ಹತ್ತಿರವೇ ಕೂತಳು, ಎದ್ದು ಓಡಲು ಅನುಕೂಲವಾಗುವಂತೆ.

"ಯಾರಿಗೆ ಬೇಡ ಅನ್ಸಿದ್ರೂ ಕೈ ಎತ್ತಿ, ನಾಟಕ ಅಲ್ಲೇ ನಿಲ್ಲುತ್ತೆ," ಎಂದರು ಚೀಲದಕ್ಕ. "ಇಲ್ಲಿ ಪಾತ್ರ ಅದಲುಬದಲು. ಹೆದರಿದವರು ನರ್ಸ್ ಆಗ್ತಾರೆ. ಹೆರಿಗೆ ಹೆಂಗಸು ಯಾರಾಗ್ತೀರಿ?"

"ನಾನೇ ಆಗ್ತೀನಿ. ಅನುಭವಸ್ಥೆ ನಾನೇ ತಾನೇ," ಎಂದು ಅತ್ತೆ ಸೆರಗು ಸಿಕ್ಕಿಸಿ ಬೆಂಚಿನ ಮೇಲೆ ಮಲಗಿದರು. ಎಲ್ಲರೂ ನಕ್ಕರು. ನರ್ಸ್ ಪಾತ್ರ ಸೊಸೆಗೆ ಬಂತು; ಅವಳು ಎದ್ದು ಬೆಂಚಿನ ಪಕ್ಕ ನಿಂತಳು.

ಅತ್ತೆ ಮೊದಲು ಬೇಕೆಂದೇ ನರಳಿದರು. ಆಮೇಲೆ ನರಳಾಟ ನಿಂತಿತು. ಅವರು ಚಾವಣಿಯತ್ತ ನೋಡುತ್ತಿದ್ದರು. ಬೆಂಚಿನ ಅಂಚು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು.

"ಯಾರಾದ್ರೂ ಹೇಳ್ರಪ್ಪ," ಎಂದರು, ಬೇರೆಯದೇ ದನಿಯಲ್ಲಿ. "ಏನಾಗ್ತಿದೆ ಅಂತ ಹೇಳ್ರಪ್ಪ. ಮಗು ಜೀವಂತ ಇದೆಯಾ? ಯಾರೂ ಇಲ್ವಾ ಇಲ್ಲಿ?"

ಸೊಸೆಗೆ ಕೈ ಎತ್ತಿ ನಿಲ್ಲಿಸಬೇಕೆನಿಸಿತು. ಎತ್ತಿದ ಕೈ ಅತ್ತೆಯ ಕೈಯನ್ನು ಹಿಡಿದುಕೊಂಡಿತು.

"ನಾನಿದ್ದೀನಿ," ಎಂದಳು ನರ್ಸ್ ಪಾತ್ರದ ಸೊಸೆ. "ಮಗುವಿನ ಎದೆಬಡಿತ ಕೇಳ್ತಿದೆ. ಈಗ ನೋವು ಬರುತ್ತೆ, ಆಮೇಲೆ ಇಳಿಯುತ್ತೆ. ಉಸಿರು ನಿಧಾನಕ್ಕೆ ಬಿಡಿ ಅತ್ತೆ."

ಅತ್ತೆ ಎದ್ದು ಕೂತು ಕಣ್ಣೊರೆಸಿಕೊಂಡರು. "ಅವತ್ತು ಇಷ್ಟು ಹೇಳೋರು ಒಬ್ರಿದ್ದಿದ್ರೆ ಸಾಕಿತ್ತು. ನೋವನ್ನ ಎಂದೋ ಮರೆತೆ. ಒಂಟಿಯಾಗಿ ಬಿದ್ದಿದ್ದನ್ನ ಮರೀಲಿಲ್ಲ."

"ನನ್ನ ಭಯಾನೂ ಅದೇ ಅತ್ತೆ," ಎಂದಳು ಸೊಸೆ.

ಚೀಲದಕ್ಕ ಅವಳಿಗೆ ಒಂದು ಮಾತನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿಸಿದರು: "ನನಗೆ ಭಯ ಆಗ್ತಿದೆ. ಏನು ಮಾಡ್ತಿದ್ದೀರಿ, ಹೇಳಿ ಮಾಡಿ." ಹೆರಿಗೆ ಕೋಣೆಗೆ ಜೊತೆಗೊಬ್ಬರನ್ನು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ ಎಂದೂ ಹೇಳಿದರು. ಅಂದೇ ಅತ್ತೆಯ ಕೈ ಹಿಡಿದು ಸೊಸೆ ಡಾಕ್ಟರ ಬಳಿ ಹೋದಳು. ಒತ್ತಡಕ್ಕೆ ಮಾತ್ರೆ ಶುರುವಾಯಿತು. ಗುಂಪಿಗೆ ಮತ್ತೆ ಮತ್ತೆ ಹೋದರು. ಗುಂಡಿ ಹೊಲಿಯುವಾಗಿನ ಕಥೆ ನಿಂತಿತು.

ನೋವು ಬಂದ ದಿನ ಸೊಸೆಯ ಕಾಲು ಆಸ್ಪತ್ರೆಯ ಹೊಸ್ತಿಲಲ್ಲಿ ತಡೆದು ನಿಂತಿತು.

"ಆ ಮಾತು ಹೇಳು," ಎಂದರು ಅತ್ತೆ.

"ನೆನಪಾಗ್ತಿಲ್ಲ ಅತ್ತೆ."

"'ನನಗೆ ಭಯ...'"

"ನನಗೆ ಭಯ ಆಗ್ತಿದೆ," ಎಂದಳು ಎದುರು ಬಂದ ದಾದಿಗೆ. "ಏನು ಮಾಡ್ತಿದ್ದೀರಿ, ಹೇಳಿ ಮಾಡಿ."

ದಾದಿ ನಿಂತಳು. "ಆಗ್ಲಮ್ಮ. ಮೊದಲು ಮಗುವಿನ ಎದೆಬಡಿತ ಕೇಳ್ತೀನಿ," ಎಂದಳು.

ಅತ್ತೆಯನ್ನೂ ಹೆರಿಗೆ ಕೋಣೆಗೆ ಬಿಟ್ಟರು. ನೋವು ಇತ್ತು, ಕೂಗೂ ಇತ್ತು. ದಾದಿ ಹೇಳಿದ್ದನ್ನೆಲ್ಲ ಅತ್ತೆ ಸೊಸೆಯ ಕಿವಿಯಲ್ಲಿ ಮತ್ತೊಮ್ಮೆ ಹೇಳುತ್ತಾ ಇದ್ದರು. ಕೊನೆಗೆ ಕೇಳಿದ್ದು ಹೊಸದೊಂದು ದನಿ, ಎಲ್ಲರಿಗಿಂತ ಜೋರಾಗಿ.

"ನಾಟಕ ಮುಗೀತು ಕಣೇ," ಎಂದರು ಅತ್ತೆ ಅಳುತ್ತಾ. "ಹೆಣ್ಣು ಮಗು."

ಅಕ್ಕಂದಿರೇ, ಅಮ್ಮಂದಿರೇ, ಹೆರಿಗೆಯ ಭಯ ನಾಚಿಕೆಯ ವಿಷಯವಲ್ಲ. ನಾಟಕ ಔಷಧಿಯ ಬದಲಿಗಲ್ಲ, ತಪಾಸಣೆಯ ಬದಲಿಗೂ ಅಲ್ಲ. ಅದು ಆಸ್ಪತ್ರೆಯ ಬಾಗಿಲಿನ ತನಕ ನಡೆದುಹೋಗುವ ಧೈರ್ಯ ಕೊಡಬಹುದು. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಇಂಥ ಗುಂಪು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮ ಭಯವನ್ನು ನರ್ಸ್ ಬಳಿ ಬಾಯಿಬಿಟ್ಟು ಹೇಳಿ. ಇನ್ನು, ಮನೆಯಲ್ಲಿ ಬಸುರಿ ಇದ್ದರೆ ನಿಮ್ಮ ಹಳೆಯ ನೋವಿನ ಕಥೆಯನ್ನು ಸ್ವಲ್ಪ ದಿನ ಬದಿಗಿಡಿ. ಅವಳಿಗೆ ಇಷ್ಟು ಹೇಳಿ ಸಾಕು: "ನಾನಿದ್ದೀನಿ."